ಆಟಿ ತಿಂಗಳ ಮೈಸೂರು ಬಸ್ಸು

ಹೋದ ಮಳೆಗಾಲದಲ್ಲಿ ನಾನು ಮೊದಲ ಸಲ ವಿಮಾನ ಹತ್ತಿದೆ. ಎಂಬತ್ತು ದಾಟಿ ಎಷ್ಟೋ ವರ್ಷ ಆದ ಮೇಲೆ. ಹೈದರಾಬಾದಿನಲ್ಲಿ ನಂಟರ ಮದುವೆ, ತಮ್ಮನ ಮಗಳು ಭವಾನಿ ನನ್ನನ್ನೂ ಹೊರಡಿಸಿದ್ದಳು. ಘಟ್ಟ ಇಳಿದು ಹೋದರೆ ಸಿಗುವ ಸಣ್ಣ ವಿಮಾನ ನಿಲ್ದಾಣ ಅದು. ಸಣ್ಣದಾದರೂ ಒಳಗೆ ಹೊಕ್ಕರೆ ನನಗೆ ದಿಕ್ಕೇ ತೋಚಲಿಲ್ಲ. ಒಂದು ಕಡೆ ಹೆಸರು ತೋರಿಸಬೇಕು, ಇನ್ನೊಂದು ಕಡೆ ಪೆಟ್ಟಿಗೆ ತೂಗಿಸಬೇಕು, ಆಮೇಲೆ ಬಳೆ ಚಪ್ಪಲಿ ಬಿಚ್ಚಿಟ್ಟು ಕೈ ಅಗಲಿಸಿ ನಿಲ್ಲಬೇಕು. ಭವಾನಿ ಎಲ್ಲವನ್ನೂ ಮಾಡಿಸಿ ಕೊನೆಗೆ ಒಂದು ಹಜಾರಕ್ಕೆ ಕರೆತಂದಳು. ಅಲ್ಲಿ ಎರಡು ಗಾಜಿನ ಬಾಗಿಲು, ಎರಡರ ಮೇಲೂ ಉರಿಯುವ ಅಕ್ಷರಗಳ ಬೋರ್ಡು.

"ನಮ್ಮದು ಆ ಕಡೆಯ ಬಾಗಿಲು ಅತ್ತೆ. ಇಲ್ಲೇ ಕೂತಿರಿ, ಕಾಫಿ ತರ್ತೇನೆ" ಎಂದು ಅವಳು ಹೋದಳು.

ಹೊರಗೆ ಮಳೆ ಜೋರಾಯಿತು. ಮೇಲಿನ ತಗಡಿನ ಮೇಲೆ ಅದರ ಸದ್ದು. ಯಾರೋ ಮೈಕಿನಲ್ಲಿ ಏನೋ ಕೂಗಿದರು, ತಿಳಿಯಲಿಲ್ಲ. ನೋಡುತ್ತಿದ್ದಂತೆ ಜನ ಎದ್ದು ಈ ಕಡೆಯ ಬಾಗಿಲಿನ ಮುಂದೆ ಸಾಲು ನಿಂತರು. ಎದ್ದು ಹೋಗಿ ಅಲ್ಲಿದ್ದ ಸಮವಸ್ತ್ರದ ಹುಡುಗಿಯನ್ನು ಕೇಳಿದೆ. "ಹೈದರಾಬಾದ್ ಆ ಕಡೆ ಅಜ್ಜಿ, ಇನ್ನೂ ಒಂದು ಗಂಟೆ ಇದೆ" ಎಂದಳು. ಬಂದು ಕೂತೆ. ಮತ್ತೆ ಹೋಗಿ ಕೇಳಿದೆ. ಮೂರನೆಯ ಸಲ ಕೇಳುವಾಗ ಭವಾನಿ ಕಾಫಿ ಹಿಡಿದು ಬಂದಳು.

"ಎಂತ ಅತ್ತೆ, ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವರು ನೀವು. ಅಷ್ಟು ದೊಡ್ಡ ಬೋರ್ಡು ಓದ್ಲಿಕ್ಕಾಗಲ್ವಾ?" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಕಾಫಿ ಮುಟ್ಟದೆ ಆ ಬೋರ್ಡನ್ನೇ ನೋಡುತ್ತಿದ್ದ ನನ್ನನ್ನು ಕಂಡು ಅವಳು ನಗು ನಿಲ್ಲಿಸಿ ಪಕ್ಕದಲ್ಲಿ ಕೂತಳು. ವಿಮಾನ ಬರುವ ತನಕದ ಆ ಒಂದು ಗಂಟೆಯಲ್ಲಿ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನಗಾಗ ಹನ್ನೆರಡು ವರ್ಷ. ಕೊಡಗು ಬ್ರಿಟಿಷರ ಕೈಯಲ್ಲಿತ್ತು. ದೊಡ್ಡ ಯುದ್ಧ ನಡೆಯುತ್ತಿತ್ತು, ಕಂಡ ಕಂಡ ಮನೆಯಿಂದ ಗಂಡಸರು ಪಟ್ಟಾಳಕ್ಕೆ ಸೇರಿದ್ದರು. ನಮ್ಮ ಊರು ಕಾಟಕೇರಿಯಿಂದ ಒಳಗೆ, ಮಡಿಕೇರಿಗೆ ನಡೆದರೆ ಎರಡು ಮೂರು ಗಂಟೆ. ಮನೆಯಲ್ಲಿ ಅಪ್ಪ, ಅವ್ವ, ನಾನು, ಐದು ವರ್ಷದ ತಮ್ಮ. ಪಟ್ಟಾಳಕ್ಕೆ ಹೋಗುವ ಪ್ರಾಯದ ಗಂಡು ಮನೆಯಲ್ಲಿರಲಿಲ್ಲ. ಆದರೆ ನನಗಿಂತ ಎಂಟು ವರ್ಷ ದೊಡ್ಡವಳಾದ ದೇವಕಿ ಅಕ್ಕ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯಲು ಹೋಗಿದ್ದಳು. ಯುದ್ಧದಿಂದಾಗಿ ನರ್ಸುಗಳು ಸಾಲದೆ ಹುಡುಗಿಯರನ್ನು ಕರೆದು ಕರೆದು ಸೇರಿಸಿಕೊಳ್ಳುತ್ತಿದ್ದ ಕಾಲ.

ಅವಳನ್ನು ಕಳಿಸಿದ್ದು ಅವ್ವ. ಅಪ್ಪನಿಗೆ ಸುತರಾಂ ಮನಸ್ಸಿರಲಿಲ್ಲ. "ಮದುವೆ ಮಾಡುವ ಗೂಡೆನ ಕಂಡವರ ಮೈ ತೊಳಿಯಕೆ ಕಳ್ಸುದಾ?" ಎಂದು ಒಂದು ವಾರ ಮನೆಯಲ್ಲಿ ಯಾರೊಡನೆಯೂ ಮಾತಾಡಲಿಲ್ಲ. ಗೂಡೆ ಎಂದರೆ ನಮ್ಮ ಅರೆಭಾಷೆಯಲ್ಲಿ ಹುಡುಗಿ. ನಂಟರೂ ಬಂದು ಬುದ್ಧಿ ಹೇಳಿ ಹೋದರು. ಅವ್ವ ಎಲ್ಲರಿಗೂ ಒಂದೇ ಮಾತು ಹೇಳಿದಳು: "ಅವಳ್ಗೆ ಬುದ್ಧಿ ಉಟ್ಟು, ಧೈರ್ಯ ಉಟ್ಟು. ಹೋಗ್ಲಿ." ತಾನೇ ಅಕ್ಕನ ತಗಡಿನ ಪೆಟ್ಟಿಗೆ ತಲೆಯ ಮೇಲೆ ಹೊತ್ತು ಮಡಿಕೇರಿಯವರೆಗೆ ನಡೆದು ಬಸ್ಸು ಹತ್ತಿಸಿ ಬಂದಿದ್ದಳು.

ಆ ವರ್ಷದ ಬೇಸಿಗೆಯಲ್ಲಿ ಅಕ್ಕ ಹತ್ತು ದಿನದ ರಜೆಗೆ ಬಂದಳು. ತೆಳ್ಳಗಾಗಿದ್ದಳು, ಆದರೆ ನಡಿಗೆಯಲ್ಲಿ ಏನೋ ಒಂದು ಬಿರುಸು ಬಂದಿತ್ತು. ಅಪ್ಪನಿಗೆ ಚಳಿಜ್ವರ ಬಂದಾಗ ಕೈ ಹಿಡಿದು ನಾಡಿ ನೋಡಿ ಗಂಟೆಗೊಮ್ಮೆ ಕಷಾಯ ಕುಡಿಸಿದಳು. ಅಪ್ಪ ಬಾಯಿಬಿಟ್ಟು ಏನೂ ಹೇಳದಿದ್ದರೂ ಅವಳು ಕೊಟ್ಟಿದ್ದನ್ನು ಮಾತ್ರ ಕುಡಿಯುತ್ತಿದ್ದರು. ಸಂಜೆ ನನ್ನನ್ನು ಅಂಗಳದಲ್ಲಿ ಕೂರಿಸಿ ಕಡ್ಡಿಯಿಂದ ನೆಲದ ಮೇಲೆ ಇಂಗ್ಲಿಷ್ ಅಕ್ಷರ ಬರೆದು ತೋರಿಸುತ್ತಿದ್ದಳು. ನಾನು ಐದನೇ ಕ್ಲಾಸು, ಕನ್ನಡ ಚೆನ್ನಾಗಿ ಓದುತ್ತಿದ್ದೆ, ಇಂಗ್ಲಿಷ್ ಇನ್ನೂ ಶುರುವಾಗಿರಲಿಲ್ಲ.

"ನೋಡ್ ಪಾರು, ಇದ್ ಎಂ. ಎರಡು ಗುಡ್ಡ, ನಡೂಲಿ ಒಂದು ಕಣಿವೆ. ಮೈಸೂರು ಬರಿಯೊಕಾದ್ರೆ ಮೊದ್ಲು ಇದೇ ಬರೊಕು" ಎಂದು ನನ್ನಿಂದ ಹತ್ತು ಸಲ ಬರೆಸಿದಳು. ಏಳೆಂಟು ಅಕ್ಷರ ಕಲಿಯುವಷ್ಟರಲ್ಲಿ ರಜೆ ಮುಗಿಯಿತು. ಉಳಿದದ್ದು ಮುಂದಿನ ರಜೆಗೆ ಎಂದು ಹೊರಟುಹೋದಳು. ಅವುಗಳಲ್ಲಿ ನನ್ನ ನೆನಪಿನಲ್ಲಿ ಗಟ್ಟಿಯಾಗಿ ಉಳಿದದ್ದು ಆ ಎರಡು ಗುಡ್ಡದ ಅಕ್ಷರ ಒಂದೇ.

ಆಟಿ ತಿಂಗಳು ಬಂತು. ನಮ್ಮಲ್ಲಿ ಮಳೆ ಅತಿ ಜೋರಾಗಿ ಹೊಡೆಯುವ ತಿಂಗಳು ಅದು, ಗದ್ದೆಯಲ್ಲಿ ನಾಟಿಯ ಕೆಲಸ. ಅಪ್ಪ ಚಳಿಜ್ವರದಿಂದ ಮತ್ತೆ ಮಲಗಿದ್ದರು. ಒಂದು ಭಾನುವಾರ ಮಧ್ಯಾಹ್ನ ಊರವನೊಬ್ಬ ಹಿಂದಿನ ದಿನ ಅಂಚೆಗೆ ಬಂದಿದ್ದ ಕಾರ್ಡು ಕೊಟ್ಟು ಹೋದ. ನಾನು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗದ್ದೆಗೆ ಓಡಿದೆ. ಅವ್ವ ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತಿದ್ದಳು. ಬದುವಿನ ಮೇಲೆ ನಿಂತು ಓದಿದೆ. ಬರೆದವಳು ಅಕ್ಕನ ಜೊತೆಗೆ ಕಲಿಯುತ್ತಿದ್ದ ಗ್ರೇಸಿ ಎಂಬ ಮಂಗಳೂರು ಕಡೆಯ ಹುಡುಗಿ. ದೇವಕಿಗೆ ವಿಷಮಶೀತ ಜ್ವರ, ಎರಡು ವಾರ ಆಯಿತು, ನಿಮ್ಮನ್ನು ತುಂಬ ಕೇಳುತ್ತಿದ್ದಾಳೆ, ಸೋಮವಾರದ ಬಸ್ಸಿಗಾದರೂ ಹೊರಟು ಬನ್ನಿ ಎಂದಿತ್ತು.

"ಇನ್ನೊಂದ್ಸಲ ಓದ್" ಎಂದಳು ಅವ್ವ.

ಓದಿದೆ. ಮೂರನೆಯ ಸಲವೂ ಓದಿಸಿದಳು. ಆಮೇಲೆ ಬಗ್ಗಿ, ಕೈಯಲ್ಲಿದ್ದ ಕಟ್ಟಿನ ಸಸಿಗಳನ್ನು ಒಂದೊಂದಾಗಿ ನೆಟ್ಟು ಮುಗಿಸಿದಳು. ಅಷ್ಟು ನಿಧಾನವಾಗಿ ಅವಳು ನಾಟಿ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಮೇಲೆ ಬಂದು ಕಾಲು ತೊಳೆಯುತ್ತ, "ನಾಳೆ ಸೋಮವಾರ ಅಲ್ವಾ? ನೀನೂ ಬಾ. ನಂಗೆ ಓದಿಕೆ ಬರುದಿಲ್ಲೆ" ಎಂದಳು.

ಮರುದಿನ ಬೆಳಕು ಹರಿಯುವ ಮೊದಲೇ ಹೊರಟೆವು. ಇಬ್ಬರಿಗೂ ಮಳೆಗೆ ತಲೆಯಿಂದ ಹೊದ್ದ ಕಂಬಳಿಕೊಪ್ಪೆ. ಅವ್ವನ ತಲೆಯ ಮೇಲೆ ಅಕ್ಕನಿಗೆಂದು ಸಣ್ಣಕ್ಕಿಯ ಗಂಟು, ಜ್ವರ ಬಿಟ್ಟ ಮೇಲೆ ಗಂಜಿ ಮಾಡಿ ಕೊಡಲು. ದಾರಿಯುದ್ದಕ್ಕೂ ಕಾಲಿಗೆ ಜಿಗಣೆ ಹತ್ತುತ್ತಿತ್ತು, ನಿಂತು ತೆಗೆಯಲೂ ಅವ್ವ ಬಿಡಲಿಲ್ಲ.

ಮಡಿಕೇರಿಯ ಮೋಟಾರ್ ಶೆಡ್ಡು ಈಗ ಇಲ್ಲ. ಉದ್ದಕ್ಕೆ ತಗಡು ಹೊದಿಸಿದ ಕಟ್ಟಡ, ನಡುವೆ ಆಫೀಸು ಕೋಣೆ, ಅದರ ಎರಡು ಮಗ್ಗುಲಿಗೂ ಬೆಂಚು ಹಾಕಿದ ಜಗಲಿ. ಒಂದು ಜಗಲಿಯಿಂದ ನೋಡಿದರೆ ಇನ್ನೊಂದು ಜಗಲಿ ಕಾಣಿಸುತ್ತಿರಲಿಲ್ಲ, ಹಲಗೆಯ ಗೋಡೆ ಅಡ್ಡ ಇತ್ತು. ಪೆಟ್ರೋಲು ಸಿಗದ ಕಾಲವಾದ್ದರಿಂದ ಬಸ್ಸುಗಳ ಹಿಂದೆ ಇದ್ದಿಲಿನ ಒಲೆಯ ಡ್ರಮ್ಮು ಕಟ್ಟಿರುತ್ತಿದ್ದರು. ಹೊರಡುವ ಒಂದು ಗಂಟೆ ಮೊದಲೇ ಬೆಂಕಿ ಹಾಕಿ ಕೈಯಿಂದ ಗಾಳಿಯ ಚಕ್ರ ತಿರುಗಿಸಬೇಕು. ಆ ಹೊಗೆ ಮಳೆಯಲ್ಲಿ ಮೇಲೇಳಲಾರದೆ ಶೆಡ್ಡಿನೊಳಗೇ ಸುತ್ತುತ್ತಿತ್ತು.

ನಾನು ಹಿಂದೆ ಎಂದೂ ಅದರ ಒಳಗೆ ಕಾಲಿಟ್ಟಿರಲಿಲ್ಲ. ಅವ್ವನಿಗೂ ಅಕ್ಕನನ್ನು ಹೊರಗಿನಿಂದ ಹತ್ತಿಸಿ ಬಂದದ್ದು ಮಾತ್ರ ಗೊತ್ತು. ತೋಟಗಳಿಗೆ ಹೋಗುವ ತಮಿಳು ಕೂಲಿಯವರು, ರಜೆ ಮುಗಿಸಿ ಹೊರಟ ಪಟ್ಟಾಳದವರು, ಏಲಕ್ಕಿ ವ್ಯಾಪಾರದ ಮಾಪಿಳ್ಳೆಗಳು, ಎಲ್ಲರೂ ಒಂದೊಂದು ಭಾಷೆಯಲ್ಲಿ ಕೂಗುತ್ತಿದ್ದರು. ಯಾರನ್ನೋ ಕೇಳಿ ಮೊದಲು ಟಿಕೆಟಿನ ಕಿಂಡಿಯ ಮುಂದೆ ನಿಂತೆವು. ಒಳಗಿದ್ದವರನ್ನು ಎಲ್ಲರೂ ರೈಟರು ಎನ್ನುತ್ತಿದ್ದರು. ನಮಗಿಂತ ಮುಂದೆ ಇದ್ದ ಒಬ್ಬ ಮುದುಕ ತಮಿಳಿನಲ್ಲಿ ಏನೋ ಕೇಳಿದ. ಯಾವ ಕಡೆ ಕೂರಬೇಕು ಎಂದಿರಬೇಕು. ರೈಟರು ರೇಗಿದರು. "ಬೋರ್ಡು ಹಾಕಿದ್ದು ಯಾಕೆ ಮಾರಾಯ? ಕಣ್ಣಿಲ್ವಾ? ಓದ್ಲಿಕ್ಕೆ ಬಾರದವರೆಲ್ಲ ಯಾಕೆ ಬರ್ತೀರಿ?" ಸಾಲಿನಲ್ಲಿದ್ದವರು ನಕ್ಕರು. ಮುದುಕ ತಲೆ ತಗ್ಗಿಸಿ ಸರಿದು ಹೋದ.

"ನಿಮಗೆಲ್ಲಿಗೆ?" ಎಂದರು ನಮ್ಮನ್ನು.

"ಮೈಸೂರಿಗೆ ಹೋಕು. ದೊಡ್ಡ ಗೂಡೆಗೆ ಕಾಯಿಲೆ, ಆಸ್ಪತ್ರೇಲಿ ಒಳೆ" ಎಂದಳು ಅವ್ವ.

"ಆಯ್ತು, ಗಂಟು ತೂಗಿಸಿ ಬನ್ನಿ. ಸೂಜಿ ಚೀಟಿ ಉಂಟಾ?"

"ಅದೆಂತ ಸೂಜಿ?"

"ವಾಂತಿಭೇದಿಯ ಸೂಜಿ ಅಮ್ಮಾ. ಚೀಟಿ ಇಲ್ಲದಿದ್ದರೆ ಕುಶಾಲನಗರದ ಸೇತುವೆ ದಾಟಲಿಕ್ಕೆ ಬಿಡುವುದಿಲ್ಲ. ಹಿಂದೆ ಕಂಪೌಂಡರು ಇದ್ದಾರೆ, ಹೋಗಿ ಚುಚ್ಚಿಸಿಕೊಳ್ಳಿ."

ತಕ್ಕಡಿಯವನು ಗಂಟು ಮುಟ್ಟಿ ನೋಡಿದ ಕೂಡಲೇ ಇದು ಅಕ್ಕಿ, ಗಡಿ ದಾಟಿ ಒಯ್ಯುವಂತಿಲ್ಲ ಎಂದ. ಯುದ್ಧದ ಕಟ್ಟಳೆ. "ಕಾಯಿಲೆಯವಳಿಗೆ, ಮೂರು ಸೇರು ಮಾತ್ರ" ಎಂದು ಅವ್ವ ಅಂಗಲಾಚಿದಳು. ಆಗಲಿಲ್ಲ. ಶೆಡ್ಡಿನ ಎದುರು ಚಹಾ ಅಂಗಡಿ ಇಟ್ಟಿದ್ದ, ಎಲ್ಲರೂ ಕಾಕ ಎಂದು ಕರೆಯುವ ಮಾಪಿಳ್ಳೆ ಅದನ್ನು ನೋಡಿ, "ಇಲ್ಲಿ ಇಡಿ ಅಮ್ಮ, ಬರುವಾಗ ತಕೊಂಡು ಹೋಗಿ" ಎಂದು ಗಂಟನ್ನು ತನ್ನ ಪೆಟ್ಟಿಗೆಯ ಹಿಂದೆ ಇಟ್ಟುಕೊಂಡ. ಆಮೇಲೆ ಹಿಂಬದಿಗೆ ಹೋಗಿ ಇಬ್ಬರೂ ಸೂಜಿ ಚುಚ್ಚಿಸಿಕೊಂಡೆವು. ಅವ್ವನಿಗೆ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂತಳು. ಚೀಟಿ ಬರೆಸಿಕೊಂಡು ಮತ್ತೆ ಕಿಂಡಿಗೆ ಬಂದು ಸಾಲಿನಲ್ಲಿ ನಿಲ್ಲುವಷ್ಟರಲ್ಲಿ ಎಷ್ಟು ಹೊತ್ತಾಗಿತ್ತೋ.

ರೈಟರು ಎರಡು ಟಿಕೆಟು ಹರಿದು ಕೊಟ್ಟರು. "ಬೋರ್ಡು ನೋಡಿ ಕೂತ್ಕೊಳ್ಳಿ. ಓದ್ಲಿಕ್ಕೆ ಬರ್ತದಲ್ಲ?"

ಅವ್ವ ನನ್ನ ತಲೆಯ ಮೇಲೆ ಕೈ ಇಟ್ಟಳು. "ಇವಳ್ಗೆ ಬಂದದೆ. ಐದನೇ ಕ್ಲಾಸ್" ಎಂದಳು. ಆ ಬೆಳಗ್ಗೆ ಅವಳ ದನಿಯಲ್ಲಿ ಗೆಲುವು ಇದ್ದದ್ದು ಆ ಒಂದು ಮಾತಿನಲ್ಲಿ ಮಾತ್ರ.

ಬೋರ್ಡು ನೋಡಲು ಹೋದೆ. ಇಂಗ್ಲಿಷ್. ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಉದ್ದಕ್ಕೆ ಬರೆದಿತ್ತು. ಮೊದಲನೆಯ ಅಕ್ಷರ ಎರಡು ಗುಡ್ಡ, ನಡುವೆ ಕಣಿವೆ. ನನಗೆ ಜೀವ ಬಂದಂತಾಯಿತು. ಆ ಕಡೆಯ ಜಗಲಿಗೂ ಹೋಗಿ ನೋಡಬೇಕು ಎಂದು ಹೊಳೆಯಿತು, ಸುಳ್ಳು ಹೇಳಲಾರೆ. ಆದರೆ ಅಕ್ಕ ಹೇಳಿಕೊಟ್ಟ ಅಕ್ಷರ ಕಣ್ಣೆದುರೇ ಇತ್ತು.

"ಇದೇ ಅವ್ವ" ಎಂದೆ.

"ಸರಿಯಾಗಿ ನೋಡ್ದಾ ಗೂಡೆ?"

"ನೋಡ್ದೆ. ಮೈಸೂರ್."

ಕೂತೆವು. ಬೆಂಚು ಖಾಲಿ ಇತ್ತು. ಮೈಸೂರಿಗೆ ಹೋಗುವವರು ನಾವಿಬ್ಬರೇ ಇರಲಾರೆವು ಎಂಬುದು ನನಗೆ ಗೊತ್ತಾಗುತ್ತಿತ್ತು. ಪಟ್ಟಾಳದವನೊಬ್ಬ ತನ್ನ ಟ್ರಂಕು ಹೊತ್ತು ನಮ್ಮ ಮುಂದಿನಿಂದಲೇ ಆ ಕಡೆಗೆ ಹೋದ. ಆಮೇಲೆ ಮಗು ಎತ್ತಿಕೊಂಡ ಹೆಂಗಸೊಬ್ಬಳು ಹೋದಳು. ಎದ್ದು ಒಮ್ಮೆ ಕೇಳಿ ಬರೋಣ ಎನಿಸಿತು. ಆದರೆ ಆ ತಮಿಳು ಮುದುಕ ತಲೆ ತಗ್ಗಿಸಿ ಸರಿದದ್ದು, ಜನ ನಕ್ಕದ್ದು ನೆನಪಾಯಿತು. ಅವ್ವ ಎಲ್ಲರೆದುರು ನನ್ನ ತಲೆ ಮೇಲೆ ಕೈ ಇಟ್ಟು ಹೇಳಿದ ಮೇಲೆ ನಾನು ಹೋಗಿ ನನಗೆ ಬೋರ್ಡು ಓದಲು ಬರುವುದಿಲ್ಲ ಎಂದು ಹೇಗೆ ಹೇಳಲಿ? ಕೂತೇ ಇದ್ದೆ. ಅವ್ವ ಕಣ್ಣು ಮುಚ್ಚಿ ಹಲಗೆಯ ಗೋಡೆಗೆ ಒರಗಿದ್ದಳು. ಮಳೆ ತಗಡಿನ ಮೇಲೆ ಕಲ್ಲು ಸುರಿದಂತೆ ಬೀಳುತ್ತಿತ್ತು. ಆ ಸದ್ದಿನಲ್ಲಿ ಒಂದು ಎಂಜಿನ್ನು ಗುರುಗುಟ್ಟಿದ್ದು, ಯಾರೋ ಏನೋ ಕೂಗಿದ್ದು, ಆಮೇಲೆ ಅದು ದೂರವಾದದ್ದು, ಎಲ್ಲವೂ ಕೇಳಿಸಿತು. ಅದು ಬೇರೆ ಯಾವುದೋ ಬಸ್ಸು ಎಂದು ನನಗೆ ನಾನೇ ಹೇಳಿಕೊಂಡೆ.

ತುಂಬ ಹೊತ್ತಿನ ಮೇಲೆ ಖಾಕಿ ಕೋಟಿನ ಕಂಡಕ್ಟರ್ ಬಂದು, "ಸಂಪಾಜೆಯಾ, ಮಂಗಳೂರಾ?" ಎಂದು ಕೇಳಿದ.

"ಮೈಸೂರು" ಎಂದೆ.

"ಇದು ಮಂಗಳೂರಿನದ್ದು. ಮೈಸೂರು ಬಸ್ಸು ಹೋಗಿ ಗಂಟೆ ಆಯ್ತಲ್ಲ!"

ಅವ್ವ ಎದ್ದು ನಿಂತಳು. ನನ್ನ ಮುಖ ನೋಡಲಿಲ್ಲ. ನೇರ ಕಿಂಡಿಗೆ ಹೋದಳು. ರೈಟರು ಟಿಕೆಟು ನೋಡಿ ಹಣೆ ಚಚ್ಚಿಕೊಂಡರು. "ನಾಲ್ಕು ಸಲ ಕೂಗಿಸಿದ್ದೇನೆ ಅಮ್ಮಾ! ಆ ಹುಡುಗಿಗೆ ಓದ್ಲಿಕ್ಕೆ ಬರ್ತದೆ ಅಂದ್ರಿ?"

"ಗೂಡೆದ್ ತಪ್ಪಿಲ್ಲೆ. ನನ್ನ ಕಿವಿ ಮಂದ. ನಾನೇ ಇಲ್ಲಿ ಕುದ್ದೆ, ಅವಳ್ನೂ ಕುದ್ರಿಸ್ದೆ" ಎಂದಳು ಅವ್ವ, ತಾನೇ ಅಲ್ಲಿ ಕೂತು ನನ್ನನ್ನೂ ಕೂರಿಸಿದವಳಂತೆ.

ಅವಳ ಕಿವಿ ಮಂದ ಅಲ್ಲ. ಗದ್ದೆಯ ಆಚೆ ಕರು ಕೂಗಿದರೂ ಅವಳಿಗೆ ಕೇಳುತ್ತಿತ್ತು. ನಾನು ಪಕ್ಕದಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮರುದಿನ ಬೆಳಗ್ಗೆ ಅದೇ ಟಿಕೆಟಿಗೆ ಜಾಗ ಕೊಡುತ್ತೇನೆ ಎಂದರು ರೈಟರು. ಕೋಟೆಯ ಹಿಂದಿನ ಇಳಿಜಾರಿನಲ್ಲಿದ್ದ ನಂಟರ ಮನೆಗೆ ಹೋದೆವು. ಆದರೆ ಆ ಸಂಜೆ ಸುಂಟಿಕೊಪ್ಪದ ಹತ್ತಿರ ರಸ್ತೆ ಬದಿಯ ಗುಡ್ಡದ ಬರೆ ಜರಿದು ಮರಗಳೊಂದಿಗೆ ದಾರಿಗೆ ಬಿತ್ತು. ಮಂಗಳವಾರ ಬಸ್ಸಿಲ್ಲ. ಬುಧವಾರವೂ ಇಲ್ಲ. ಎರಡು ದಿನವೂ ಬೆಳಗಿನಿಂದ ಮಧ್ಯಾಹ್ನದವರೆಗೆ ನಾವು ಶೆಡ್ಡಿನಲ್ಲೇ ಕೂತೆವು, ಈ ಸಲ ಸರಿಯಾದ ಜಗಲಿಯಲ್ಲಿ. ಅವ್ವ ಕಂಡವರನ್ನೆಲ್ಲ ಕೇಳುತ್ತಿದ್ದಳು: "ಮೈಸೂರಿಗೆ ಹೋಗುವವು ಇಲ್ಲೇ ಕೂರೊಕಾ?" ಚಹಾ ಅಂಗಡಿಯ ಕಾಕ ಎರಡು ಗ್ಲಾಸು ಚಹಾ ತಂದಿಟ್ಟು, "ದೇವರಿದ್ದಾನೆ ಅಮ್ಮ, ಮಗಳು ಹುಷಾರಾಗ್ತಾಳೆ" ಎಂದು ಹೋಗುತ್ತಿದ್ದ. ಅವ್ವ ನನಗೆ ಕುಡಿಸಿ ತನ್ನದನ್ನು ಆರಲು ಬಿಡುತ್ತಿದ್ದಳು.

ಗುರುವಾರ ಬಸ್ಸು ಹೊರಟಿತು. ಏರು ಬಂದ ಕಡೆಯೆಲ್ಲ ಇದ್ದಿಲಿನ ಗ್ಯಾಸು ಸಾಲದೆ ನಿಲ್ಲುತ್ತಿತ್ತು, ಗಂಡಸರು ಇಳಿದು ತಳ್ಳುತ್ತಿದ್ದರು. ಬರೆ ಜರಿದಲ್ಲಿ ಎಲ್ಲರೂ ಇಳಿದು ಕೆಸರಿನಲ್ಲಿ ನಡೆದೆವು. ಕುಶಾಲನಗರದಲ್ಲಿ ಕಾವೇರಿ ಕೆಂಪಗೆ ತುಂಬಿ ಸೇತುವೆಯ ಕಮಾನು ಮುಟ್ಟುವಂತೆ ಹರಿಯುತ್ತಿದ್ದಳು. ಅವ್ವ ಕೈಮುಗಿದಳು. ಚೌಕಿಯವನು ಸೂಜಿ ಚೀಟಿ ನೋಡಿ ಬಿಟ್ಟ. ಆಚೆ ಮಳೆಯೇ ಇಲ್ಲ. ಒಣ ರಸ್ತೆ, ರಾಗಿಯ ಹೊಲ, ಬಿಸಿಲು. ಬಿಸಿಲು ಕಂಡು ನನಗೆ ಯಾಕೋ ಅಕ್ಕ ಬದುಕಿದ್ದಾಳೆ ಎಂದು ಖಚಿತವಾಯಿತು.

ಸಂಜೆ ಆಸ್ಪತ್ರೆಯ ಗೇಟಿನಲ್ಲಿ ಹೆಸರು ಹೇಳಿದೆವು. ಸ್ವಲ್ಪ ಹೊತ್ತಿಗೆ ಬಿಳಿ ಬಟ್ಟೆಯ ಒಬ್ಬ ಹುಡುಗಿ ಓಡುತ್ತ ಬಂದಳು. ಅವಳೇ ಗ್ರೇಸಿ. ಅವ್ವನ ಎರಡೂ ಕೈ ಹಿಡಿದುಕೊಂಡಳು.

"ನಿನ್ನೆ ಬೆಳಿಗ್ಗೆ ಅಮ್ಮಾ" ಎಂದಳು. "ನೀವು ಬರ್ತೀರಿ ಅಂತ ಸಂಜೆವರೆಗೂ ಕಾದ್ರು. ಅದಕ್ಕಿಂತ ಹೆಚ್ಚು ಇಟ್ಟುಕೊಳ್ಳಲಿಕ್ಕೆ ಆಗಲಿಲ್ಲ."

ಅವ್ವ ಅಳಲಿಲ್ಲ. "ಮಾತಾಡಿಕಂಡ್ ಇತ್ತಾ?" ಎಂದು ಕೇಳಿದಳು.

ಗ್ರೇಸಿಗೆ ಅರ್ಥವಾಯಿತು. ಅವಳು ಒಳ್ಳೆಯ ಹುಡುಗಿ, ಸುಳ್ಳು ಹೇಳಬಹುದಿತ್ತು, ತೋಚಲಿಲ್ಲ. "ಸೋಮವಾರ ಸಂಜೆವರೆಗೂ ಚೆನ್ನಾಗಿ ಮಾತಾಡ್ತಿದ್ಲು ಅಮ್ಮಾ. ಬಸ್ಸು ಬರುವ ಹೊತ್ತಾಯ್ತು, ಈಗ ಅವ್ವ ಬರ್ತಾರೆ ಅಂತ ನನ್ನಿಂದ ತಲೆ ಬಾಚಿಸಿಕೊಂಡ್ಲು. ಆ ರಾತ್ರಿ ಜ್ವರ ಏರಿತು. ಮತ್ತೆ ಪ್ರಜ್ಞೆ ಬರಲಿಲ್ಲ."

"ಸೋಮವಾರ" ಎಂದಳು ಅವ್ವ.

ಅಕ್ಕನ ತಗಡಿನ ಪೆಟ್ಟಿಗೆ ಕೊಟ್ಟರು. ಗ್ರೇಸಿ ನಮ್ಮನ್ನು ಸುಟ್ಟ ಜಾಗಕ್ಕೆ ಕರೆದುಕೊಂಡು ಹೋದಳು. ಬೂದಿ ತಣ್ಣಗಾಗಿತ್ತು. ಅವ್ವ ಸೆರಗಿನ ತುದಿಯಲ್ಲಿ ಒಂದು ಹಿಡಿ ಕಟ್ಟಿಕೊಂಡಳು. ಆ ರಾತ್ರಿ ನರ್ಸುಗಳ ಮನೆಯ ಜಗಲಿಯಲ್ಲಿ ಮಲಗಿದೆವು. ಮರುದಿನ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಆ ಪೆಟ್ಟಿಗೆ. ತೆರೆದು ನೋಡಿದೆ. ಎರಡು ಬಿಳಿ ಸೀರೆ, ಬಾಚಣಿಗೆ, ಮತ್ತು ಇಂಗ್ಲಿಷ್ ಅಕ್ಷರಮಾಲೆಯ ಹೊಸ ಪುಸ್ತಕ. ಮೊದಲ ಹಾಳೆಯಲ್ಲಿ ಕನ್ನಡದಲ್ಲಿ 'ಪಾರುವಿಗೆ' ಎಂದು ಬರೆದಿತ್ತು.

ಮಡಿಕೇರಿಯ ಶೆಡ್ಡಿನಲ್ಲಿ ಇಳಿದಾಗ ಮಳೆ ಸ್ವಲ್ಪ ನಿಂತಿತ್ತು. ಅವ್ವ ಕಾಕನ ಅಂಗಡಿಗೆ ಅಕ್ಕಿಯ ಗಂಟು ತರಲು ಹೋದಳು. ನಾನು ಆ ಪುಸ್ತಕ ಹಿಡಿದು ಮೊದಲು ಒಂದು ಜಗಲಿಗೆ, ಆಮೇಲೆ ಇನ್ನೊಂದು ಜಗಲಿಗೆ ಹೋದೆ. ಎರಡೂ ಬೋರ್ಡಿನಲ್ಲಿ ಮೊದಲ ಅಕ್ಷರ ಒಂದೇ. ಎರಡನೆಯದು ಬೇರೆ. ಪುಸ್ತಕದಲ್ಲಿ ಹುಡುಕಿದೆ. ಒಂದು ಎ, ಇನ್ನೊಂದು ವೈ. ಅಲ್ಲಿಯವರೆಗೂ, ರೈಟರೇ ಸರಿಯಾಗಿ ಹೇಳಲಿಲ್ಲ, ಬೋರ್ಡನ್ನೇ ತಪ್ಪು ಹಾಕಿದ್ದರು, ಏನಾದರೂ ಇದ್ದೀತು ಎಂಬ ಸಣ್ಣ ಆಸೆ ಇತ್ತು. ಅಲ್ಲಿ ಅದು ಹೋಯಿತು. ತಿರುಗಿ ನೋಡಿದರೆ ಕಾಕ ಕೊಟ್ಟ ಗಂಟನ್ನು ಅವ್ವ ಎತ್ತಿಕೊಳ್ಳಲಾರದೆ ಅಲ್ಲೇ ಕೆಸರಿನಲ್ಲಿ ಕುಕ್ಕರಿಸಿದ್ದಳು. ಕಾಕ ಏನು ಮಾಡಬೇಕೆಂದು ತಿಳಿಯದೆ ತನ್ನ ತಲೆಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

ಆ ಮಳೆಗಾಲದ ಉಳಿದ ಭಾಗ ನಮ್ಮ ಮನೆಯಲ್ಲಿ ಹೇಗೆ ಕಳೆಯಿತೆಂದು ಹೇಳುವುದು ಕಷ್ಟ. ಅಪ್ಪನ ಜ್ವರ ಬಿಟ್ಟಿತು, ಸಿಟ್ಟು ಬಿಡಲಿಲ್ಲ. ಅಕ್ಕನನ್ನು ಕಳಿಸಿದ್ದಕ್ಕೆ ಮೊದಲೇ ಸಿಟ್ಟಿತ್ತು, ಈಗ ಇದೊಂದು ಸೇರಿತು. "ಕಣ್ಣ್ ಮುಂದೆ ಬಸ್ಸು ಹೋದರೂ ಕುದ್ದ್‌ಕಂಡ್ ಇದ್ದವಳು ನೀನ್" ಎನ್ನುತ್ತಿದ್ದರು. ನಂಟರು ಬಂದಾಗಲೂ ಅದೇ ಮಾತು. ಅವ್ವ ಪ್ರತಿ ಸಲವೂ, "ನನ್ನ ಕಿವಿ ಮಂದ" ಎಂದು ಹೇಳಿ ಒಳಗೆ ಹೋಗುತ್ತಿದ್ದಳು. ಎಲ್ಲರೂ ಅದನ್ನು ನಂಬಿದರು. ಅವಳೊಡನೆ ಗಟ್ಟಿಯಾಗಿ ಮಾತಾಡಲು ಶುರುಮಾಡಿದರು. ಅವಳೂ ಕರೆದರೆ ಎರಡನೆಯ ಸಲಕ್ಕೆ ತಿರುಗುವ ಅಭ್ಯಾಸ ಮಾಡಿಕೊಂಡಳು.

ನಾನು ಹೇಳಬೇಕಿತ್ತು. ಬಟ್ಟಲಿಗೆ ಅನ್ನ ಹಾಕುವಾಗ, ಅವಳ ಜೊತೆ ಸೌದೆ ತರುವಾಗ, ಎಷ್ಟೋ ಸಲ ಮಾತು ನಾಲಗೆಯ ತುದಿಗೆ ಬಂತು. ಅಪ್ಪ ಬೈಯುವುದು ಕೇಳಿದಾಗ ಎದ್ದು ನಿಂತದ್ದೂ ಉಂಟು. ಅವ್ವ ಕಣ್ಣಿನಲ್ಲೇ ಕೂರಿಸುತ್ತಿದ್ದಳು. ಅವಳು ನನ್ನನ್ನು ಉಳಿಸುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು, ಉಳಿಸಲು ಬಿಟ್ಟೆ. ಆ ವರ್ಷದ ಕೊಯ್ಲು ಮುಗಿಯುವಷ್ಟರಲ್ಲಿ ಆ ಪುಸ್ತಕದ ಅಕ್ಷರಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಯಾರೂ ಕಲಿಸಲಿಲ್ಲ.

ಆಮೇಲೆ ಯುದ್ಧ ಮುಗಿಯಿತು, ಬ್ರಿಟಿಷರು ಹೋದರು. ನಾನು ಟೀಚರಾದೆ. ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡರು, ತಮ್ಮನ ಸಂಸಾರ ಬೆಳೆಯಿತು. ಅಕ್ಕನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮೂವತ್ತು ವರ್ಷದ ಮೇಲೆ ಅವ್ವ ಹಾಸಿಗೆ ಹಿಡಿದಾಗ ಶಾಲೆಗೆ ರಜೆ ಹಾಕಿ ನಾನೇ ನೋಡಿಕೊಂಡೆ. ಒಂದು ಮಧ್ಯಾಹ್ನ ಅವಳ ತಲೆ ಬಾಚುತ್ತಿದ್ದೆ. ಕೂದಲು ಬಿಡಿಸುತ್ತ ಬಿಡಿಸುತ್ತ ನನ್ನ ಕೈ ನಿಂತುಹೋಯಿತು.

"ಅವ್ವ, ಅಂದ್ ಬೋರ್ಡು ನಂಗೆ ಓದಿಕೆ ಬಂದಿತ್‌ಲ್ಲೆ. ಒಂದೇ ಅಕ್ಷರ ಗೊತ್ತಿತ್ತ್. ಸುಳ್ಳು ಹೇಳ್ದೆ" ಎಂದೆ.

"ಗೊತ್ತಿತ್ತ್" ಎಂದಳು.

"ಯಾವಾಗ ಗೊತ್ತಾತ್?"

"ಅಲ್ಲೇ. ಕುದ್ದಲ್ಲೇ." ಅವಳು ಗೋಡೆಯ ಕಡೆ ನೋಡುತ್ತ ಹೇಳಿದಳು. "ಅವು ಮೈಸೂರ್ ಮೈಸೂರ್ ಅಂತ ಕೂಗ್ದು ನಂಗೆ ಕೇಳಿತ್ ಪಾರು. ಬಸ್ಸು ರಸ್ತೆಗೆ ಇಳ್ದ್ ತಿರುಗಿ ಹೋದನ್ನೂ ಕಂಡೆ. ಕಣ್ಣು ಮುಚ್ಚಿಕಂಡ್ ಇದ್ದೆ ಅಂತ ನೀನ್ ತಿಳ್ಕಂಡೆ. ಮುಚ್ಚಿತ್‌ಲ್ಲೆ."

"ಮತ್ತೆ ಯಾಕೆ ಏಳ್ಳಿಲ್ಲೆ ಅವ್ವ?"

"ಕಾಲು ಮುಂದೆ ಬಾತ್‌ಲ್ಲೆ. ಎಲ್ಲವು ಬೇಡ ಅಂದರೂ ಅವಳ್ನ ಕಳ್ಸಿದ್ದು ನಾನಲ್ವಾ. ಹೋಗಿ ಯಾವ ಮುಖಲಿ ನೋಡ್ದು? ಎಂತ ನೋಡೊಕೋ ಏನೋ. ಒಂದು ದಿನ ಹೋಗ್ಲಿ, ನಾಳೆ ಹೋದರಾತ್, ಅಷ್ಟರಲ್ಲಿ ಜ್ವರ ಬಿಟ್ಟದೆ ಅಂತ ಕಂಡತ್. ಒಂದೇ ದಿನ ಅಂತ." ಅವಳ ಕೈ ಹೊದಿಕೆಯ ಅಂಚನ್ನು ತಡಕುತ್ತಿತ್ತು. "ಬರೆ ಜರಿದದೆ ಅಂತ ನಂಗೆ ಗೊತ್ತಿತ್ತಾ?"

ಇದು ನಿಜವೇ, ಇಲ್ಲವೇ ಕಡೆಗಾಲದಲ್ಲಿ ನನ್ನ ಹೊರೆ ಇಳಿಸಲು ಅವಳು ಕಟ್ಟಿದ ಮಾತೇ? ಕಿವಿ ಮಂದ ಎಂದು ಮೂವತ್ತು ವರ್ಷ ಎಲ್ಲರನ್ನೂ ನಂಬಿಸಿದವಳು ಅವಳು. ನಾನು ಕೇಳಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ ಎಂದು ಈಗಲೂ ಅನಿಸುತ್ತದೆ.

"ಅವಳ ಹೆಸರು ಹೇಳ್" ಎಂದಳು ಅವ್ವ. "ನನ್ನ ಬಾಯಿಲಿ ಬರುದಿಲ್ಲೆ. ನೀನ್ ಹೇಳ್, ನಂಗೆ ಕೇಳೊಕು."

"ದೇವಕಿ" ಎಂದೆ.

"ಇನ್ನೊಂದ್ಸಲ."

ಹೇಳಿದೆ. ಅವ್ವ ಬಾಯಿ ತೆರೆದು ಅತ್ತಳು. ಬಾಚಣಿಗೆ ಕೆಳಗಿಟ್ಟು ಅವಳ ಬೆನ್ನಿಗೆ ಮುಖ ಒತ್ತಿ ನಾನೂ ಅತ್ತೆ. ಅಷ್ಟು ವರ್ಷದಲ್ಲಿ ನಾವಿಬ್ಬರೂ ಅವಳಿಗಾಗಿ ಒಟ್ಟಿಗೆ ಅತ್ತದ್ದು ಅದೇ ಮೊದಲು. ಅಂಗಳದಲ್ಲಿ ಆಡುತ್ತಿದ್ದ ಪುಟ್ಟ ಭವಾನಿ ಬಾಗಿಲಿಗೆ ಬಂದು, "ಯಾರ್ ಅತ್ತೆ, ದೇವಕಿ?" ಎಂದು ಕೇಳಿದಳು. ಅವ್ವ ಕಣ್ಣೊರೆಸಿಕೊಂಡು ಅವಳನ್ನು ಹತ್ತಿರ ಕರೆದಳು. "ನನ್ನ ದೊಡ್ಡ ಗೂಡೆ" ಎಂದಳು.